ಅಪ್ಪನ ಲೆಕ್ಕದ ಪುಸ್ತಕ ಮತ್ತು ವಾರೆ ನಿಂತ ಗೆರೆಗಳು

ಅಪ್ಪ ಕನ್ನಡಕ ಹಾಕ್ಕೊಂಡು ಲ್ಯಾಪ್‌ಟಾಪಿನ ಹತ್ತಿರ ಬಗ್ಗಿ ನೋಡಿದರು. ಎರಡು ನಿಮಿಷ ಮಾತೇ ಇಲ್ಲ. ಆಮೇಲೆ ಸ್ಕ್ರೀನಿನ ಮೇಲೆ ಬೆರಳಿಟ್ಟು ಕೇಳಿದರು: "ಯಾನ್ಲಾ ಮಗ ಇದು? ಗೆರೆಯೆಲ್ಲಾ ವಾರೆ ನಿಂತದ. ಈ ದುಡ್ಡು ಯಾವ ಕಾಲಂದು, ಖರ್ಚಿಂದಾ, ಬಂದಿದ್ದಾ?"

ನನಗೂ ತಕ್ಷಣ ಹೇಳೋಕೆ ಆಗಲಿಲ್ಲ.

ಹಿನ್ನೆಲೆ ಹೇಳಿಬಿಡ್ತೀನಿ. ನಮ್ಮದು ಗುಂಡ್ಲುಪೇಟೆ ಹತ್ತಿರದ ಹಳ್ಳಿ. ತಾತನ ಕಾಲದ ಜಮೀನು ಇನ್ನೂ ಭಾಗವಾಗಿಲ್ಲ. ಅಪ್ಪ ಉಳುತ್ತಾರೆ, ಚಿಕ್ಕಪ್ಪ ಚಾಮರಾಜನಗರದಲ್ಲಿ ಹೈಸ್ಕೂಲ್ ಮೇಷ್ಟ್ರು. ಖರ್ಚು ಕಳೆದು ಉಳಿದದ್ದರಲ್ಲಿ ಇಬ್ಬರಿಗೂ ಅರ್ಧರ್ಧ ಅನ್ನೋದು ಮೊದಲಿಂದ ಬಂದ ಮಾತು. ಅರಿಶಿನ, ಚೆಂಡು ಹೂ, ಸೂರ್ಯಕಾಂತಿ, ಬೇಸಿಗೆಯಲ್ಲಿ ಕಲ್ಲಂಗಡಿ, ಎಲ್ಲದರ ಲೆಕ್ಕವನ್ನೂ ಅಪ್ಪ ಉದ್ದನೆಯ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದಾರೆ. ತಾರೀಕು, ವಿವರ, ಖರ್ಚು, ಆದಾಯ. ಸ್ಕೇಲ್ ಇಟ್ಟು ಎಳೆದ ಗೆರೆ, ಕನ್ನಡ ಅಂಕಿ.

ಕಳೆದ ಯುಗಾದಿಗೆ ಬೋರ್‌ವೆಲ್ ಖರ್ಚಿನ ಮಾತು ಬಂತು. ಮಾತಿಗೆ ಮಾತು ಬೆಳೆದು ಚಿಕ್ಕಪ್ಪ ಒಬ್ಬಟ್ಟು ತಟ್ಟೆಯಲ್ಲೇ ಬಿಟ್ಟು ಎದ್ದು ಹೋದರು. ಆಮೇಲೆ ಫೋನು ಕಮ್ಮಿಯಾಯ್ತು. ಚಿಕ್ಕಮ್ಮನೂ ಅಮ್ಮನೂ ಸೇರಿ ಒಂದು ಭಾನುವಾರ ಗೊತ್ತು ಮಾಡಿದರು: ಅವತ್ತು ಎಲ್ಲಾ ವರ್ಷದ ಲೆಕ್ಕ ಒಟ್ಟಿಗೆ ನೋಡೋದು, ಮುಗಿಸೋದು. ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿ ವರ್ಷವಾರು ಮೊತ್ತ ತೆಗೆಯೋ ಕೆಲಸ ನನ್ನ ತಲೆಗೆ ಬಂತು. ಮನೆಯಿಂದ ಕೆಲಸ ಮಾಡೋ ಮಗ ಅಂದ್ರೆ ಮನೆಯವರ ಪಾಲಿಗೆ ಬಿಡುವಾಗಿರೋ ಮಗ, ನಿಮಗೂ ಗೊತ್ತಿರುತ್ತೆ.

ಈಗ ನೀವು ಕೇಳೋ ಪ್ರಶ್ನೆ ನನಗೆ ಗೊತ್ತು. ಎಕ್ಸೆಲ್ ಇರಲಿಲ್ವಾ? ಇತ್ತು. ಎಕ್ಸೆಲ್‌ನಲ್ಲಿ ಮಾಡಿದ್ರೆ ಈ ಕಥೆಯೇ ಇರ್ತಿರಲಿಲ್ಲ. ಆದರೆ ಆರು ವರ್ಷದಿಂದ ನನ್ನ ಟಿಪ್ಪಣಿ, ಮೀಟಿಂಗ್ ನೋಟ್ಸು, ಸಾಲದ ಕಂತು, ಎಲ್ಲಾ ಇರೋದು ಈಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರಿನಲ್ಲಿ. ಕೈ ತಾನಾಗೇ ಅಲ್ಲಿಗೇ ಹೋಗುತ್ತೆ. ಇನ್ನೊಂದು ಕಾರಣವೂ ಇದೆ. ಅದರಲ್ಲಿ ಬರೆದದ್ದು ಬರೀ ಅಕ್ಷರದ ಫೈಲು. ಇಪ್ಪತ್ತು ವರ್ಷ ಬಿಟ್ಟು ಯಾವ ಕಂಪ್ಯೂಟರಿನಲ್ಲಿ ತೆಗೆದರೂ ಓದಬಹುದು, ಯಾವ ದಿನ ಏನು ತಿದ್ದಿದೆ ಅನ್ನೋದನ್ನ ಗಿಟ್‌ನಲ್ಲಿ ಉಳಿಸಬಹುದು. ಅಣ್ಣ-ತಮ್ಮಂದಿರ ಲೆಕ್ಕದಲ್ಲಿ ಈ ಎರಡನೇದು ಬಹಳ ಮುಖ್ಯ ಅನ್ನಿಸಿತು.

ಈಮ್ಯಾಕ್ಸ್ ಹೆಸರು ಕೇಳದವರಿಗೆ ಎರಡು ಮಾತು. ಇದು ನಮ್ಮಲ್ಲಿ ಬಹಳ ಜನಕ್ಕಿಂತ ಹಿರಿಯದು. 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು, ಈಗ ಬಳಸೋ ಗ್ನೂ ಈಮ್ಯಾಕ್ಸ್ 1985ರಲ್ಲಿ ಹೊರಗೆ ಬಂತು. ನೋಟ್‌ಪ್ಯಾಡ್ ಥರ ಟೈಪ್ ಮಾಡೋದೇ, ಆದರೆ ಅದಕ್ಕೆ ಯಾರು ಬೇಕಾದರೂ ಹೊಸ ಕೆಲಸ ಕಲಿಸಬಹುದು. ಹಾಗೆ ಕಲಿಸೋ ಪುಟ್ಟ ಪ್ರೋಗ್ರಾಮುಗಳಿಗೆ ಪ್ಯಾಕೇಜ್ ಅಂತಾರೆ. ಅವುಗಳಲ್ಲಿ ಹೆಸರುವಾಸಿ ಆರ್ಗ್ ಮೋಡ್. ಕಾರ್ಸ್ಟನ್ ಡೊಮಿನಿಕ್ ಅನ್ನೋ ಖಗೋಳ ವಿಜ್ಞಾನಿ 2003ರಲ್ಲಿ ತಮ್ಮ ಟಿಪ್ಪಣಿಗಾಗಿ ಶುರು ಮಾಡಿದ್ದು. ಉದ್ದ ಗೆರೆಯ ಚಿಹ್ನೆಯನ್ನು ನಡುನಡುವೆ ಒತ್ತುತ್ತಾ ಹೋದರೆ ಅದೇ ಟೇಬಲ್ ಆಗುತ್ತೆ. ಟ್ಯಾಬ್ ಒತ್ತಿದರೆ ಮುಂದಿನ ಮನೆ, ಕಾಲಮ್ಮು ತಾನೇ ಸರಿಯಾಗುತ್ತೆ, ಮೊತ್ತವನ್ನೂ ತಾನೇ ಕೂಡುತ್ತೆ.

ಇಂಗ್ಲಿಷಿನಲ್ಲಿ ಬರೆದರೆ ಮಾತ್ರ.

ಕನ್ನಡದಲ್ಲಿ ಬರೆದಾಗ ಯಾಕೆ ವಾರೆಯಾಗುತ್ತೆ ಅಂದ್ರೆ, ಆರ್ಗ್ ಮೋಡ್ ಗೆರೆ ಸರಿ ಮಾಡೋದು ಎಣಿಸಿ. ಈ ಮನೆಯಲ್ಲಿ ಎಂಟು ಅಕ್ಷರದ ಜಾಗ ಹೋಗಿದೆ, ಆ ಮನೆಯಲ್ಲಿ ಹನ್ನೆರಡು, ಹಾಗಾದರೆ ಇಲ್ಲಿ ನಾಲ್ಕು ಖಾಲಿ ಜಾಗ ತುಂಬು. ಕೋಡ್ ಬರೆಯೋ ಫಾಂಟುಗಳಲ್ಲಿ ಇಂಗ್ಲಿಷಿನ ಎಲ್ಲಾ ಅಕ್ಷರಕ್ಕೂ ಒಂದೇ ಅಗಲ, ಆದ್ದರಿಂದ ಎಣಿಕೆ ಸರಿಹೋಗುತ್ತೆ. ಕನ್ನಡದಲ್ಲಿ 'ರ' ಬೇರೆ ಅಗಲ, 'ಣ' ಬೇರೆ, 'ಮೊ' ಇನ್ನೂ ಬೇರೆ. ಒತ್ತಕ್ಷರ ಒಮ್ಮೆ ಕೆಳಗೆ ಕೂರುತ್ತೆ, ಒಮ್ಮೆ ಪಕ್ಕಕ್ಕೆ ಚಾಚುತ್ತೆ. ಎಣಿಕೆಯಲ್ಲಿ ಸರಿಯಿದ್ದ ಸಾಲು ಕಣ್ಣಿಗೆ ವಾರೆ. ನಾಲ್ಕು ಸಾಲಿದ್ದರೆ ತಡ್ಕೋಬಹುದು. ಐವತ್ತು ಸಾಲಿದ್ದರೆ ಗೆರೆಗಳು ಬಂಡೀಪುರದ ಕಡೆಯಿಂದ ಊಟಿಗೆ ಹತ್ತೋ ಘಾಟಿ ರಸ್ತೆ ಥರ ಕಾಣುತ್ತವೆ.

ಕನ್ನಡ ಅಂಕಿಯದ್ದೂ ಒಂದು ಪಾಡು. ಟೇಬಲ್ಲಿನ ಲೆಕ್ಕ ಕನ್ನಡ ಅಂಕಿಯನ್ನು ಸಂಖ್ಯೆ ಅಂತ ಓದೋದಿಲ್ಲ. ಅದಕ್ಕೆ ಅಪ್ಪನ ಅಂಕಿಗಳನ್ನೆಲ್ಲ ಮನಸ್ಸಲ್ಲೇ ಬದಲಾಯಿಸಿಕೊಂಡು ಟೈಪ್ ಮಾಡ್ತಿದ್ದೆ.

ಬುಧವಾರ ರಾತ್ರಿ ಅಪ್ಪ ಬೆರಳಿಟ್ಟು ಕೇಳಿದ್ದು ಇದನ್ನೇ. ನಾನು, "ಕಣ್ಣಿಗೆ ಹಂಗೆ ಕಾಣುತ್ತೆ ಅಪ್ಪ, ಲೆಕ್ಕ ಸರಿಯಾಗಿದೆ. ಪ್ರಿಂಟ್ ತೆಗೆದಾಗ ನೆಟ್ಟಗಾಗುತ್ತೆ" ಅಂದೆ. ಅದು ಸುಳ್ಳಲ್ಲ. ಆರ್ಗ್ ಫೈಲನ್ನು ವೆಬ್ ಪುಟ ಮಾಡಿದರೆ ಬ್ರೌಸರು ನಿಜವಾದ ಟೇಬಲ್ ಬಿಡಿಸುತ್ತೆ, ಗೆರೆ ನೇರವಾಗೇ ಇರುತ್ತೆ.

ಅಪ್ಪ ಸುಮ್ಮನಾಗಲಿಲ್ಲ. 2020ರ ಮೊತ್ತ ನೋಡಿ ಹುಬ್ಬು ಗಂಟು ಹಾಕಿದರು. "ಈ ವರ್ಷ ಇಷ್ಟು ಲಾಭ ಎಲ್ಲಿಂದ ಬಂತು? ಲಾಕ್‌ಡೌನ್ ವರ್ಷ ಕಣಪ್ಪ. ಕಲ್ಲಂಗಡಿ ಹೊಲದಲ್ಲೇ ಕೊಳೆತದ್ದು ನೀನು ನೋಡಿಲ್ವಾ?"

ಒಂದೊಂದೇ ಸಾಲು ಹಿಡಿದು ನೋಟ್‌ಬುಕ್ಕಿನ ಜೊತೆ ತಾಳೆ ಹಾಕಿದೆವು. ಫೆಬ್ರವರಿಯಲ್ಲಿ ಸಿಕ್ಕಿತು. ಅರಿಶಿನ ಬೇಯಿಸಿದ ಕೂಲಿ, 18,400 ರೂಪಾಯಿ. ನಾನು ಒಂದು ಟ್ಯಾಬ್ ಜಾಸ್ತಿ ಒತ್ತಿದ್ದೆ. ಕೂಲಿ ಕೊಟ್ಟದ್ದು ಖರ್ಚಿನ ಮನೆ ಬಿಟ್ಟು ಆದಾಯದ ಮನೆಗೆ ಹೋಗಿ ಕೂತಿತ್ತು. ಖರ್ಚು 18,400 ಕಮ್ಮಿ, ಆದಾಯ 18,400 ಜಾಸ್ತಿ, ಒಟ್ಟು ಲಾಭದಲ್ಲಿ 36,800 ರೂಪಾಯಿ ವ್ಯತ್ಯಾಸ. ಅದರಲ್ಲಿ ಅರ್ಧ ಚಿಕ್ಕಪ್ಪನ ಪಾಲು. ಅಂದ್ರೆ ಅಪ್ಪ ತಾವು ಕೊಟ್ಟ ಕೂಲಿಯಷ್ಟೇ ದುಡ್ಡನ್ನು ಇನ್ನೊಂದು ಸಲ ತಮ್ಮನಿಗೆ ಕೊಡಬೇಕಾಗ್ತಿತ್ತು. ಅಥವಾ ಚಿಕ್ಕಪ್ಪನೇ ಆ ತಪ್ಪು ಹಿಡಿದಿದ್ದರೆ "ಮಗನ ಕೈಲಿ ಬರೆಸಿಕೊಂಡು ಬಂದವ್ನೆ" ಅನ್ನೋ ಮಾತು ಬರ್ತಿತ್ತು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಅಂತ ಈಗಲೂ ಗೊತ್ತಿಲ್ಲ.

ಪ್ರಿಂಟಿನಲ್ಲಿ ಗೆರೆ ನೆಟ್ಟಗಾಗುತ್ತೆ ನಿಜ. ಆದರೆ ತಪ್ಪು ಆಗೋದು ಟೈಪ್ ಮಾಡುವಾಗ. ಆಗ ಕಣ್ಣಿಗೆ ಕಾಲಂ ಕಾಣದಿದ್ದರೆ, ನೇರ ಗೆರೆಯ ಪ್ರಿಂಟು ತಪ್ಪನ್ನೂ ನೇರವಾಗಿ ತೋರಿಸುತ್ತೆ ಅಷ್ಟೇ.

ಆ ರಾತ್ರಿಯೇ ಹುಡುಕಿದೆ. ಈ ತೊಂದರೆ ಕನ್ನಡದವರಿಗೆ ಮಾತ್ರ ಅಲ್ಲ. ಚೀನೀ, ಜಪಾನೀ, ಕೊರಿಯನ್ ಅಕ್ಷರ ಬರೆಯೋರಿಗೂ ಇದೇ ಗೋಳು. ಅದಕ್ಕಾಗಿ ವಿ-ಅಲೈನ್ ಅಂತ ಒಂದು ಪ್ಯಾಕೇಜ್ ಇದೆ. ಅದು ಅಕ್ಷರ ಎಣಿಸೋದಿಲ್ಲ. ಸ್ಕ್ರೀನಿನ ಮೇಲೆ ಆ ಪದ ಎಷ್ಟು ಪಿಕ್ಸೆಲ್ ಅಗಲ ಇದೆ ಅಂತ ಅಳೆದು, ಉಳಿದ ಜಾಗವನ್ನು ಅಷ್ಟೇ ಪಿಕ್ಸೆಲ್ ಹಿಗ್ಗಿಸುತ್ತೆ. ಫೈಲಿನೊಳಗೆ ಏನನ್ನೂ ಬದಲಾಯಿಸೋದಿಲ್ಲ, ಕಾಣೋ ರೀತಿ ಮಾತ್ರ ಸರಿ ಮಾಡುತ್ತೆ. ಲೆಕ್ಕದ ಫೈಲಿಗೆ ನನಗೆ ಬೇಕಿದ್ದದ್ದೂ ಇದೇ.

ಈಮ್ಯಾಕ್ಸ್‌ನಲ್ಲಿ ಪ್ಯಾಕೇಜ್ ಹಾಕೋದು ಈಗ ಫೋನಿನಲ್ಲಿ ಆಪ್ ಹಾಕಿದಷ್ಟೇ ಸುಲಭ. 2012ರಲ್ಲಿ ಬಂದ 24ನೇ ಆವೃತ್ತಿಯಿಂದ ಪ್ಯಾಕೇಜ್ ಮ್ಯಾನೇಜರ್ ಒಳಗೇ ಇದೆ. ಗ್ನೂ ಎಲ್ಪಾ ಅನ್ನೋ ಭಂಡಾರದಲ್ಲಿ ವಿ-ಅಲೈನ್ ಕೂಡಾ ಇದೆ. ಹೆಸರು ಕೊಟ್ಟು ಎಂಟರ್ ಒತ್ತಿದೆ. "ಫೇಲ್ಡ್ ಟು ವೆರಿಫೈ ಸಿಗ್ನೇಚರ್" ಅಂತ ಬಂತು. ಸಹಿ ತಾಳೆಯಾಗ್ತಿಲ್ಲ.

ತಪ್ಪು ನನ್ನದೇ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಮನೆ ಲೆಕ್ಕ ಬೇಡ ಅಂತ ಊರಲ್ಲಿ ಬಿಟ್ಟಿದ್ದ ನನ್ನ ಹಳೇ ಲ್ಯಾಪ್‌ಟಾಪ್ ತೆಗೆದಿದ್ದೆ. ಅದರಲ್ಲಿರೋದು ಡೆಬಿಯನ್ 10, ಅದರ ಜೊತೆ ಬಂದ ಈಮ್ಯಾಕ್ಸ್ 26.1. ಎಲ್ಪಾದಿಂದ ಬರೋ ಪ್ರತಿ ಪಟ್ಟಿಗೂ ಒಂದು ಡಿಜಿಟಲ್ ಸಹಿ ಇರುತ್ತೆ, ಸಹಿ ಸಾಚಾನಾ ಅಂತ ನೋಡೋ ಕೀ ಈಮ್ಯಾಕ್ಸ್ ಒಳಗಿರುತ್ತೆ. ಆ ಹಳೇ ಕೀಯ ಅವಧಿ 2019ರಲ್ಲಿ ಮುಗಿಯಿತು. ಹೊಸ ಕೀ ಸೇರಿಸಿ ಅದೇ ವರ್ಷ ಆಗಸ್ಟಿನಲ್ಲಿ 26.3 ಬಿಟ್ಟರು. ನಾನು ಅಪ್‌ಡೇಟ್ ಮಾಡಿರಲಿಲ್ಲ.

ಇದಕ್ಕೆ ಇಂಟರ್ನೆಟ್ಟಿನಲ್ಲಿ ಒಂದು ಸಾಲಿನ ಔಷಧ ಸಿಗುತ್ತೆ: ಸಹಿ ನೋಡೋದನ್ನೇ ಆಫ್ ಮಾಡಿ. ಕೈ ಕೀಬೋರ್ಡಿನ ಮೇಲೇ ಇತ್ತು. ಆದರೆ ಬೀಗದ ಕೈ ಹಳೇದಾಯ್ತು ಅಂತ ಬಾಗಿಲನ್ನೇ ಕಿತ್ತಿಟ್ಟರೆ ಹೇಗೆ? ಒಮ್ಮೆ ಆಫ್ ಮಾಡಿದ್ದನ್ನು ನಾನು ಮತ್ತೆ ಆನ್ ಮಾಡ್ತೀನಿ ಅನ್ನೋ ನಂಬಿಕೆ ನನಗೇ ಇರಲಿಲ್ಲ. ಸರಿಯಾದ ದಾರಿ ಹೊಸ ಈಮ್ಯಾಕ್ಸ್ ಹಾಕೋದು. ಅದಕ್ಕೆ ಇಡೀ ಸಿಸ್ಟಮ್ಮನ್ನೇ ಅಪ್‌ಗ್ರೇಡ್ ಮಾಡಬೇಕಿತ್ತು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ, ಭಾನುವಾರದೊಳಗೆ, ಇರೋ ಲೆಕ್ಕದ ಫೈಲನ್ನು ಪಕ್ಕದಲ್ಲಿಟ್ಕೊಂಡು ಆ ಸಾಹಸ ಬೇಡ ಅನ್ನಿಸಿತು.

ಉಳಿದದ್ದು ಹಳೇ ಕಾಲದ ದಾರಿ, ಸೋರ್ಸಿನಿಂದ ಹಾಕೋದು. ಹೆಸರು ಕೇಳಿದರೆ ದೊಡ್ಡ ಕೆಲಸ ಅನ್ನಿಸುತ್ತೆ. ವಿ-ಅಲೈನ್ ವಿಷಯದಲ್ಲಿ ಅದು ಮೂರೇ ಹೆಜ್ಜೆ. ಕೋಡನ್ನು ಗಿಟ್ ಕ್ಲೋನ್ ಮಾಡಿ ನಮ್ಮ ಕಂಪ್ಯೂಟರಿನ ಒಂದು ಫೋಲ್ಡರಿಗೆ ತರೋದು. ಆ ಫೋಲ್ಡರ್ ಎಲ್ಲಿದೆ ಅಂತ ಈಮ್ಯಾಕ್ಸ್‌ಗೆ ಹೇಳೋದು. ಅದನ್ನು ಎತ್ತಿಕೋ, ಆರ್ಗ್ ಫೈಲ್ ತೆಗೆದಾಗೆಲ್ಲ ಚಾಲೂ ಮಾಡು ಅಂತ ಹೇಳೋದು. ಎರಡನೇದೂ ಮೂರನೇದೂ ಈಮ್ಯಾಕ್ಸ್ ಶುರುವಾಗುವಾಗ ಓದೋ ಇನಿಟ್ ಫೈಲಿನಲ್ಲಿ ಬರೆಯೋ ಮೂರು ಸಾಲು.

ಒಂದು ಮಾತು ಇಲ್ಲಿ ಹೇಳಲೇಬೇಕು. ಸೋರ್ಸಿನಿಂದ ಹಾಕಿದರೆ ತಾನಾಗೇ ಸುರಕ್ಷಿತ ಅಂತ ಅಲ್ಲ. ಸಹಿ ನೋಡೋ ಪ್ಯಾಕೇಜ್ ಮ್ಯಾನೇಜರನ್ನೂ ನಾವೇ ಬದಿಗೆ ಸರಿಸಿರ್ತೀವಿ. ಈಮ್ಯಾಕ್ಸ್ ಪ್ಯಾಕೇಜಿಗೆ ಫೋನಿನ ಆಪ್ ಥರ ಪರ್ಮಿಷನ್ ಕೇಳೋ ಪದ್ಧತಿ ಇಲ್ಲ. ನೀವು ಮಾಡಬಹುದಾದದ್ದನ್ನೆಲ್ಲಾ ಅದೂ ಮಾಡಬಹುದು, ನಿಮ್ಮ ಫೈಲು ಅಳಿಸೋದೂ ಸೇರಿ. ಆದ್ದರಿಂದ ಚಾಲೂ ಮಾಡೋಕೆ ಮುಂಚೆ ಓದಬೇಕು. ವಿ-ಅಲೈನ್‌ನ ಮುಖ್ಯ ಕೋಡೆಲ್ಲ ಒಂದೇ ಫೈಲಿನಲ್ಲಿದೆ. ಪೂರ್ತಿ ಅರ್ಥವಾಯ್ತು ಅಂತ ಹೇಳಲ್ಲ, ಆದರೆ ಫೈಲು ಬರೆಯೋ, ನೆಟ್ಟಿಗೆ ಕಳಿಸೋ ಕೆಲಸ ಅದರಲ್ಲಿ ಎಲ್ಲೂ ಕಾಣಲಿಲ್ಲ. ಮೇಲಿನ ಸಾಲುಗಳಲ್ಲೇ ಈಮ್ಯಾಕ್ಸ್ 26 ಬೇಕು ಅಂತ ಬರೆದಿತ್ತು, ನನ್ನ ಹಳೇ ಯಂತ್ರಕ್ಕೂ ಆಗುತ್ತೆ. ಬೇರೆ ಪ್ಯಾಕೇಜ್ ಯಾವುದೂ ಬೇಕಿರಲಿಲ್ಲ. ಇದನ್ನು ಮೊದಲೇ ನೋಡೋದು ಒಳ್ಳೇದು. ಮ್ಯಾಗಿಟ್‌ನಂಥ ದೊಡ್ಡ ಪ್ಯಾಕೇಜ್ ಆದರೆ ಅದಕ್ಕೆ ಬೇಕಾದ ಇನ್ನೊಂದು, ಆ ಇನ್ನೊಂದಕ್ಕೆ ಮತ್ತೊಂದು ಅಂತ ನಾವೇ ಹುಡುಕಿ ತರಬೇಕು. ಪ್ಯಾಕೇಜ್ ಮ್ಯಾನೇಜರ್ ಸದ್ದಿಲ್ಲದೆ ಮಾಡ್ತಿದ್ದ ಕೆಲಸದ ಬೆಲೆ ಅವಾಗ ತಿಳಿಯುತ್ತೆ.

ಕ್ಲೋನ್ ಕೆಲವೇ ಸೆಕೆಂಡಲ್ಲಿ ಮುಗೀತು. ಇನಿಟ್ ಫೈಲಿಗೆ ಮೂರು ಸಾಲು ಬರೆದು ಈಮ್ಯಾಕ್ಸ್ ಮತ್ತೆ ತೆಗೆದೆ. "ಕೆನಾಟ್ ಓಪನ್ ಲೋಡ್ ಫೈಲ್". ಆ ಹೆಸರಿನ ಫೈಲೇ ಇಲ್ಲ ಅನ್ನುತ್ತೆ. ಫೈಲು ನನ್ನ ಕಣ್ಣೆದುರೇ ಇದೆ!

ಹತ್ತು ನಿಮಿಷ ಹೋಯ್ತು. ಈಮ್ಯಾಕ್ಸ್ ಪ್ಯಾಕೇಜ್ ಹುಡುಕೋ ಫೋಲ್ಡರುಗಳ ಪಟ್ಟಿಗೆ ಲೋಡ್-ಪಾತ್ ಅಂತಾರೆ. ನಾನು ಆ ಪಟ್ಟಿಗೆ ಕೊಟ್ಟಿದ್ದು ಹೊರಗಿನ ಫೋಲ್ಡರಿನ ಹೆಸರು. ವಿ-ಅಲೈನ್ ಇದ್ದದ್ದು ಅದರೊಳಗಿನ ಇನ್ನೊಂದು ಫೋಲ್ಡರಿನಲ್ಲಿ. ಲೋಡ್-ಪಾತ್ ಒಳಗಿನ ಫೋಲ್ಡರಿಗೆ ಇಣುಕೋದಿಲ್ಲ. ನೀವು ಬೀದಿ ಹೆಸರು ಕೊಟ್ಟರೆ ಆ ಬೀದಿಯ ಮನೆಗಳನ್ನಷ್ಟೇ ನೋಡಿ ವಾಪಸ್ ಹೋಗೋ ಪೋಸ್ಟ್‌ಮ್ಯಾನ್ ಇದ್ದ ಹಾಗೆ. ಓಣಿಯೊಳಗಿನ ಮನೆಯಾದರೆ ಓಣಿಯನ್ನೂ ಬರೆಯಬೇಕು. ಬರೆದೆ. ತಪ್ಪು ಹೋಯ್ತು, ಆದರೆ ಗೆರೆ ವಾರೆಯಾಗೇ ಇತ್ತು. ನೋಡಿದರೆ ಅಭ್ಯಾಸಬಲದಿಂದ ಟರ್ಮಿನಲ್ ಒಳಗೆ ಈಮ್ಯಾಕ್ಸ್ ತೆಗೆದಿದ್ದೆ. ಪಿಕ್ಸೆಲ್ ಅಳೆಯೋ ಪ್ಯಾಕೇಜಿಗೆ ಟರ್ಮಿನಲ್ಲಿನಲ್ಲಿ ಕೆಲಸವಿಲ್ಲ. ಕಿಟಕಿ ಇರೋ ಈಮ್ಯಾಕ್ಸ್‌ನಲ್ಲೇ ತೆಗೀಬೇಕು ಅಂತ ರೀಡ್‌ಮಿಯ ಆರಂಭದಲ್ಲೇ ಇತ್ತು.

ಕಿಟಕಿಯಲ್ಲಿ ತೆಗೆದೆ. 2020ರ ಟೇಬಲ್ ನೆಟ್ಟಗೆ ನಿಂತಿತ್ತು. ಒಂದೊಂದು ಗೆರೆಯೂ ಮೇಲಿಂದ ಕೆಳಗೆ ನೂಲು ಹಿಡಿದ ಹಾಗೆ.

ಬೆಳಗ್ಗೆ ಅಪ್ಪನಿಗೆ ತೋರಿಸಿದೆ. "ಈಗ ಪುಸ್ತಕ ಇದ್ದಂಗದ" ಅಂದ್ರು. ಕುರ್ಚಿ ಎಳ್ಕೊಂಡು ಕೂತು, ನೋಟ್‌ಬುಕ್ ತೊಡೆ ಮೇಲಿಟ್ಕೊಂಡು, ಅವರೇ ಗಟ್ಟಿಯಾಗಿ ಓದುತ್ತಾ ಹೋದರು. ನಾನು ಸ್ಕ್ರೀನ್ ನೋಡ್ತಾ "ಸರಿ, ಸರಿ" ಅಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಇನ್ನೆರಡು ತಪ್ಪು ಸಿಕ್ಕವು, ಎರಡೂ ಸಣ್ಣವು. ವಾರೆ ಗೆರೆಯಲ್ಲಾದರೆ ಅವು ಸಿಗ್ತಿರಲಿಲ್ಲ.

2022ಕ್ಕೆ ಬಂದಾಗ ಮತ್ತೆ ನಿಂತೆವು. ಬೋರ್ ಕೊರೆಸಿದ ವರ್ಷ, ಜಗಳದ ವರ್ಷ. ಅದೊಂದೇ ಟೇಬಲ್ ಹಳೇ ಥರ ವಾರೆ. ಉಳಿದದ್ದೆಲ್ಲ ಸರಿ, ಅದು ಮಾತ್ರ ಇಲ್ಲ. ಅಪ್ಪ, "ಅದಕ್ಕೂ ಗೊತ್ತಾಗದ ನೋಡು" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಆ ಟೇಬಲ್ಲಿನಲ್ಲಿ ಏನೋ ಕೆಟ್ಟ ಅಕ್ಷರ ಸೇರಿದೆ ಅಂತ ಒಂದೊಂದು ಸಾಲನ್ನೂ ಅಳಿಸಿ ಮತ್ತೆ ಬರೆದೆ. ಫಾಂಟ್ ಬದಲಾಯಿಸಿದೆ. ಏನೂ ಆಗಲಿಲ್ಲ.

ಇಲ್ಲಿ ಸೋರ್ಸು ಕೈಯಲ್ಲಿದ್ದದ್ದು ಕೆಲಸಕ್ಕೆ ಬಂತು. ಕ್ಲೋನ್ ಮಾಡಿದ ಫೈಲು ಪಕ್ಕದಲ್ಲೇ ಇದೆಯಲ್ಲ, ತೆಗೆದು "ಸೈಜ್" ಅಂತ ಹುಡುಕಿದೆ. ವಿ-ಅಲೈನ್-ಮ್ಯಾಕ್ಸ್-ಟೇಬಲ್-ಸೈಜ್ ಅಂತ ಒಂದು ಸಾಲು, ಪಕ್ಕದಲ್ಲಿ 4000. ಇದಕ್ಕಿಂತ ದೊಡ್ಡ ಟೇಬಲನ್ನು ಮುಟ್ಟೋದಿಲ್ಲ, ದೊಡ್ಡ ಟೇಬಲ್ಲಿಗೆ ಇದರ ಕೈ ಸಾಲದು ಅನ್ನೋ ಅರ್ಥದ ವಿವರಣೆ. ಪ್ರತಿ ಮನೆಯ ಅಗಲವನ್ನೂ ಅಳೀಬೇಕಲ್ಲ, ಟೇಬಲ್ ದೊಡ್ಡದಾದಷ್ಟೂ ನಿಧಾನ. ನನ್ನ 2022ರ ಟೇಬಲ್ 112 ಸಾಲು, ಸಾಲಿಗೆ ಖಾಲಿ ಜಾಗವೂ ಸೇರಿ ಸುಮಾರು 60 ಅಕ್ಷರ. 6,700ರ ಹತ್ತಿರ. ಇದರಲ್ಲಿ ಕನ್ನಡದ್ದೇ ಒಂದು ಲೆಕ್ಕ ಬೇರೆ ಇದೆ. 'ಅರಿಶಿನ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಎರಡು ಗುಡಿಸೂ ಸೇರಿ ಆರು. ಹಾಗಾಗಿ ಕನ್ನಡದ ಟೇಬಲ್ ನಾವು ಅಂದ್ಕೊಂಡದ್ದಕ್ಕಿಂತ ಬೇಗ ಆ ಮಿತಿ ಮುಟ್ಟುತ್ತೆ.

ಟೇಬಲ್ ಕೆಟ್ಟಿರಲಿಲ್ಲ, ಪ್ಯಾಕೇಜೂ ಕೆಟ್ಟಿರಲಿಲ್ಲ. ಬರೆದವರು ಯೋಚಿಸಿ ಇಟ್ಟ ಮಿತಿ ಅದು, ತಮ್ಮ ಕೋಡಿನಲ್ಲೇ ಬರೆದೂ ಇಟ್ಟಿದ್ದರು.

ಸಂತೋಷದಲ್ಲಿ ಆ ಫೈಲಿನೊಳಗೇ 4000 ಅಳಿಸಿ 20000 ಮಾಡಿದೆ. ಈಮ್ಯಾಕ್ಸ್ ಮತ್ತೆ ತೆಗೆದೆ. ಬದಲಾಗಲಿಲ್ಲ! ಹಿಂದಿನ ರಾತ್ರಿ ವೇಗವಾಗಲಿ ಅಂತ ಆ ಫೈಲನ್ನು ಕಂಪೈಲ್ ಮಾಡಿಟ್ಟಿದ್ದೆ. ಕೋಡಿನ ಫೈಲು ಒಂದು, ಅದರಿಂದ ಆದ ಕಂಪೈಲ್ಡ್ ಫೈಲು ಇನ್ನೊಂದು. ಎರಡೂ ಇದ್ದರೆ ಈಮ್ಯಾಕ್ಸ್ ಎತ್ತಿಕೊಳ್ಳೋದು ಕಂಪೈಲ್ಡ್ ಫೈಲನ್ನ, ಅದು ಹಳೇದಾಗಿದ್ದರೂ. ಕೋಡಿನ ಫೈಲು ಹೊಸದಿದೆ, ಆದರೂ ಹಳೇದನ್ನೇ ಬಳಸ್ತಿದ್ದೀನಿ ಅಂತ ಕೆಳಗೆ ಒಂದು ಸಾಲಿನಲ್ಲಿ ಹೇಳಿಯೂ ಇತ್ತು. ನಾವು ಓದಲ್ಲ ಅಷ್ಟೇ.

ಆಮೇಲೆ ಸರಿಯಾದ ರೀತಿಯಲ್ಲಿ ಮಾಡಿದೆ. ಪ್ಯಾಕೇಜಿನ ಫೈಲನ್ನು ಮೊದಲಿದ್ದ ಹಾಗೇ ವಾಪಸ್ ಮಾಡಿದೆ, 20000 ಅನ್ನೋದನ್ನ ನನ್ನ ಇನಿಟ್ ಫೈಲಿನಲ್ಲಿ ಬರೆದೆ. ಬೇರೆಯವರ ಕೋಡಿನೊಳಗೆ ನಾವು ಗೀಚಿದರೆ ಮುಂದೆ ಹೊಸ ಆವೃತ್ತಿ ಎಳ್ಕೊಂಡಾಗ ಅದೂ ಇದೂ ಡಿಕ್ಕಿ ಹೊಡೆಯುತ್ತೆ. ನಮ್ಮ ಇಷ್ಟ ನಮ್ಮ ಫೈಲಿನಲ್ಲಿರಬೇಕು. ಕ್ಲೋನ್ ಮಾಡಿದ್ದು ಯಾವ ಕಮಿಟ್ ಅನ್ನೋದನ್ನೂ ಅಲ್ಲೇ ಕಾಮೆಂಟಿನಲ್ಲಿ ಬರೆದಿಟ್ಟೆ. ಸೋರ್ಸಿನಿಂದ ಹಾಕಿದ್ದಕ್ಕೆ ಅಪ್‌ಡೇಟ್ ಬಂದಿದೆ ಅಂತ ಯಾರೂ ಬಂದು ಹೇಳೋದಿಲ್ಲ. ನೆನಪಿಡೋದು ನಮ್ಮ ಕೆಲಸ.

2022ರ ಟೇಬಲ್ ನೆಟ್ಟಗಾಯ್ತು. ಟೈಪ್ ಮಾಡುವಾಗ ಒಂಚೂರು ತಡವರಿಸುತ್ತೆ, ಪರವಾಗಿಲ್ಲ.

ಭಾನುವಾರ ಅಪ್ಪ, ಅಮ್ಮ, ನಾನು ತೆರಕಣಾಂಬಿ ಮೇಲೆ ಹೋಗೋ ಬಸ್ಸು ಹತ್ತಿದೆವು. ಅಪ್ಪನ ಮಡಿಲಲ್ಲಿ ನೋಟ್‌ಬುಕ್ಕಿನ ಕಟ್ಟು, ನನ್ನ ಮಡಿಲಲ್ಲಿ ಲ್ಯಾಪ್‌ಟಾಪು, ಅಮ್ಮನ ಮಡಿಲಲ್ಲಿ ಕೋಡುಬಳೆ ಡಬ್ಬಿ. ಚಿಕ್ಕಪ್ಪನ ಮನೆ ಚಾಮರಾಜೇಶ್ವರ ದೇವಸ್ಥಾನದಿಂದ ನಡೆದು ಹೋಗೋ ದೂರ. ದಾರಿಯಲ್ಲಿ ಅಪ್ಪ ಏನೂ ಮಾತಾಡಲಿಲ್ಲ.

ಚಿಕ್ಕಪ್ಪ ಗಣಿತದ ಮೇಷ್ಟ್ರು. ಪ್ರಿಂಟ್ ಕೊಟ್ಟ ಕೂಡಲೇ ಸ್ಕೇಲು, ಕೆಂಪು ಪೆನ್ನು ತಂದರು. ಸಾಲಿನ ಕೆಳಗೆ ಸ್ಕೇಲ್ ಇಟ್ಟು ಓದುತ್ತಾ ಹೋದರು. ಅಣ್ಣನ ನೋಟ್‌ಬುಕ್ಕಿಗೂ ತಾಳೆ ಹಾಕಿದರು. 2020ಕ್ಕೆ ಬಂದಾಗ ಕೂಲಿ ಸಾಲಿನ ಪಕ್ಕ ನಾನು ಬರೆದಿದ್ದ ಟಿಪ್ಪಣಿ ನೋಡಿದರು: "ಮೊದಲು ಆದಾಯಕ್ಕೆ ಹಾಕಿದ್ದೆ, ನನ್ನ ತಪ್ಪು, ಅಪ್ಪ ಹಿಡಿದರು, ತಿದ್ದಿದೆ." ಅದನ್ನ ಎರಡು ಸಲ ಓದಿದರು ಅನ್ಸುತ್ತೆ. ಏನೂ ಹೇಳಲಿಲ್ಲ, ಮುಂದಕ್ಕೆ ಹೋದರು.

2022ರಲ್ಲಿ ಪೆನ್ನು ನಿಂತಿತು. "ಅಣ್ಣಾ, ಕೇಸಿಂಗ್ ಪೈಪಿಗೆ ಅಂತ ನಾನು ನಿನ್ ಅಕೌಂಟಿಗೆ ಇಪ್ಪತ್ತೈದು ಸಾವಿರ ಹಾಕಿದ್ನಲ್ಲ. ಇದ್ರಲ್ಲಿಲ್ಲ."

ಅಪ್ಪ ನೋಟ್‌ಬುಕ್ಕಿನ ಹಾಳೆ ಮಗುಚಿದರು. ಹಿಂದಕ್ಕೆ, ಮುಂದಕ್ಕೆ. ಎಲ್ಲೂ ಇರಲಿಲ್ಲ. ಅಮ್ಮ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ, "ಹೂಂ, ಹಾಕಿದ್ದೆ. ಅವತ್ತು ಹೊಲದಲ್ಲೇ ಇದ್ನಲ್ಲ, ಬರೆಯೋದು ಬುಟ್ಟೋಗದ" ಅಂದ್ರು. ಯುಗಾದಿಯ ಜಗಳ ಇದೇ ಸಾಲಿನದ್ದು. ಅಪ್ಪ ಬೋರಿನ ದುಡ್ಡೆಲ್ಲ ತಾವೇ ಹಾಕಿದ್ದು ಅಂತ ನಂಬಿದ್ದರು, ಪುಸ್ತಕವೂ ಹಾಗೇ ಹೇಳ್ತಿತ್ತು. ಚಿಕ್ಕಪ್ಪ ಕೊಟ್ಟಿದ್ದೀನಿ ಅಂತ ಗೊತ್ತಿದ್ದೂ ಅವತ್ತು ಕೋಪದಲ್ಲಿ ಬಾಯಿ ಬಿಟ್ಟು ಹೇಳಿರಲಿಲ್ಲ.

ಲ್ಯಾಪ್‌ಟಾಪ್ ತೆಗೆದು ಹೊಸ ಸಾಲು ಸೇರಿಸಿದೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಎರಡು ಕಡೆಯಿಂದ ಬಗ್ಗಿ ನೋಡ್ತಿದ್ದರು. ತಾರೀಕು, ವಿವರ, ದುಡ್ಡು. ಟ್ಯಾಬ್ ಒತ್ತಿದೆ, ಒಂದು ಕ್ಷಣ ತಡವರಿಸಿ ಗೆರೆ ನೆಟ್ಟಗಾಯ್ತು. "ಸರಿಯಾದ ಕಾಲಮ್ಮಿಗೆ ಬಿದ್ದದಾ?" ಅಂತ ಅಪ್ಪ ಕೇಳಿದರು. ಚಿಕ್ಕಪ್ಪ, "ಬಿದ್ದದ ಕಣಣ್ಣ, ಕಾಣ್ತದಲ್ಲ" ಅಂದ್ರು.

ಕೊನೆಗೆ ಯಾರು ಯಾರಿಗೆ ಎಷ್ಟು ಕೊಡಬೇಕಾಯ್ತು ಅನ್ನೋದನ್ನ ಇಲ್ಲಿ ಬರೆಯಲ್ಲ, ಮನೆ ಲೆಕ್ಕ. ಎಲ್ಲಾ ಸರಿಹೋಯ್ತು ಅಂತಲೂ ಹೇಳಲ್ಲ. ಜಮೀನು ಭಾಗ ಮಾಡೋ ಮಾತು ಇನ್ನೂ ಬಾಕಿ ಇದೆ. ಆದರೆ ಅವತ್ತು ಇಬ್ಬರೂ ಒಟ್ಟಿಗೆ ಊಟಕ್ಕೆ ಕೂತರು, ಯಾರೂ ತಟ್ಟೆ ಬಿಟ್ಟು ಏಳಲಿಲ್ಲ.

ಆ ಹಳೇ ಲ್ಯಾಪ್‌ಟಾಪಿಗೆ ಮುಂದಿನ ವಾರ ಹೊಸ ಸಿಸ್ಟಮ್ ಹಾಕಿದೆ. ಈಗ ವಿ-ಅಲೈನ್ ಒಂದೇ ಕಮಾಂಡಿಗೆ ಬರುತ್ತೆ, ಸಹಿ ತಾಳೆಯಾಗುತ್ತೆ. ಮೊದಲ ದಾರಿ ಯಾವತ್ತೂ ಅದೇ, ನೀವೂ ಹಾಗೇ ಮಾಡಿ. ಆದರೆ ಕ್ಲೋನ್ ಮಾಡಿದ ಫೋಲ್ಡರನ್ನು ನಾನು ಅಳಿಸಿಲ್ಲ. ಮತ್ತೆ ಯಾವುದಾದರೂ ಟೇಬಲ್ ಹಟ ಹಿಡಿದರೆ ಕಾರಣ ಆ ಫೋಲ್ಡರಿನಲ್ಲೇ ಎಲ್ಲೋ ಇರುತ್ತೆ, ತೆಗೆದು ಓದಬೇಕು ಅಷ್ಟೇ. ಅಪ್ಪ ಈಗಲೂ ನೋಟ್‌ಬುಕ್ಕಲ್ಲೇ ಬರೀತಾರೆ, ಸ್ಕೇಲ್ ಇಟ್ಟು ಗೆರೆ ಎಳೆದು. ತಿಂಗಳ ಕೊನೆಗೆ ಅವರು ಓದ್ತಾರೆ, ನಾನು ಟೈಪ್ ಮಾಡ್ತೀನಿ, ಆಮೇಲೆ ಅದರ ಫೋಟೋ ಚಿಕ್ಕಪ್ಪನಿಗೆ ವಾಟ್ಸಾಪ್ ಮಾಡ್ತೀನಿ. ಹೋದ ತಿಂಗಳು ಅವರಿಂದ ಉತ್ತರ ಬಂತು: "17ನೇ ಸಾಲು ನೋಡು, ಗೊಬ್ಬರದ ರೇಟು ತಪ್ಪಿರಬೇಕು."

ತಪ್ಪೇ ಇತ್ತು.